ಸಂದು ಕಾಣದ ಬಳ್ಳಿ: ವಿಲಿಯಂ ಮಾರಿಸನ ಜೀವನ

ಮದುವೆಯ ಕರೆಯೋಲೆಯನ್ನೋ ಹೋಟೆಲಿನ ತಿಂಡಿಪಟ್ಟಿಯನ್ನೋ ಅಚ್ಚು ಹಾಕಿಸಲು ಮುದ್ರಣಾಲಯಕ್ಕೆ ಹೋದ ವಾಚಕರು ಈ ನೋಟವನ್ನು ಕಂಡಿರಬಹುದು. ಕಂಪ್ಯೂಟರಿನ ಮುಂದೆ ಕುಳಿತ ತರುಣನು ಒಂದು ಸಣ್ಣ ಚೌಕದಲ್ಲಿ ಎಲೆ, ಹೂ, ಬಳ್ಳಿಗಳನ್ನು ಬರೆಯುತ್ತಾನೆ. ಬಳಿಕ ಯಾವುದಾದರೊಂದು ಆಕಾರವನ್ನು ಆರಿಸಿ, ಆ ಚೌಕದಿಂದಲೇ ಅದನ್ನು ತುಂಬುವಂತೆ ಯಂತ್ರಕ್ಕೆ ಆಜ್ಞೆ ಕೊಡುತ್ತಾನೆ. ವೃತ್ತವಾಗಲಿ, ಕಮಾನಾಗಲಿ, ದಪ್ಪ ಅಕ್ಷರದ ಒಡಲಾಗಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಅಂಚಿನವರೆಗೂ ಬಳ್ಳಿಯಿಂದ ತುಂಬಿಹೋಗುತ್ತದೆ. ಕೆಲಸವೇನೋ ಸುಲಭ. ಆದರೆ ಒಂದು ಚೌಕವು ಇನ್ನೊಂದನ್ನು ಕೂಡುವೆಡೆಯಲ್ಲಿ ಬಳ್ಳಿ ತುಂಡಾಗಿ ಕಂಡರೆ ಎಲ್ಲವೂ ಕೆಟ್ಟಂತೆಯೇ. ಎಡದ ಅಂಚಿನಲ್ಲಿ ಹೊರಗುಳಿದ ಅರ್ಧ ಎಲೆಯು ಬಲದ ಅಂಚಿನಲ್ಲಿ ಒಳಬರಬೇಕು. ಮೇಲೆ ಮುಗಿದ ಕಾಂಡವು ಕೆಳಗೆ ಮುಂದುವರಿಯಬೇಕು. ಈ ಸಂದನ್ನು ಮರೆಮಾಡುವ ವಿದ್ಯೆಯನ್ನು ಯಂತ್ರವು ಕಂಡುಹಿಡಿಯಲಿಲ್ಲ. ಮರದ ಅಚ್ಚುಗಳ ಕಾಲದಲ್ಲಿ ಅದನ್ನು ಕೈವಶಮಾಡಿಕೊಂಡವರಲ್ಲಿ ಅಗ್ರಗಣ್ಯನು ಇಂಗ್ಲೆಂಡಿನ ವಿಲಿಯಂ ಮಾರಿಸನು. ಆತನ ಬಾಳಿನಲ್ಲಿಯೂ ಒಂದು ಸಂದು ಇದ್ದಿತು. ಅದನ್ನು ಮಾತ್ರ ಆತನಿಂದ ಕೊನೆಯವರೆಗೂ ಮುಚ್ಚಲಾಗಲಿಲ್ಲ.

ಮಾರಿಸನು 1834ರ ಮಾರ್ಚ್ 24ರಂದು ಲಂಡನ್ನಿನ ಸಮೀಪದ ವಾಲ್ಥಮ್‌ಸ್ಟೋ ಎಂಬಲ್ಲಿ ಜನಿಸಿದನು. ತಂದೆ ಲಂಡನ್ನಿನಲ್ಲಿ ಹುಂಡಿಯ ದಲ್ಲಾಳಿ. ಡೆವನ್ ಪ್ರಾಂತದ ಒಂದು ತಾಮ್ರದ ಗಣಿಯಲ್ಲಿ ಆತನು ಕೊಂಡಿದ್ದ ಷೇರುಗಳು ಬಂಗಾರದ ಬೆಲೆಗೇರಿ ಮನೆತನವನ್ನು ಸಿರಿವಂತವನ್ನಾಗಿ ಮಾಡಿದುವು. ತಂದೆಯು 1847ರಲ್ಲಿ ತೀರಿಕೊಂಡರೂ ಮಗನಿಗೆ ದುಡಿಯದೆ ಬಾಳಬಲ್ಲಷ್ಟು ವರಮಾನವು ಉಳಿಯಿತು. ಪಾದ್ರಿಯಾಗುವ ಸಂಕಲ್ಪದಿಂದ ಆಕ್ಸ್‌ಫರ್ಡನ್ನು ಸೇರಿದ ಹುಡುಗನಿಗೆ ಅಲ್ಲಿ ಎಡ್ವರ್ಡ್ ಬರ್ನ್-ಜೋನ್ಸನ ಗೆಳೆತನವಾಯಿತು. 1855ರಲ್ಲಿ ಇಬ್ಬರೂ ಫ್ರಾನ್ಸಿನ ಹಳೆಯ ಇಗರ್ಜಿಗಳನ್ನು ನೋಡಿಬಂದ ಮೇಲೆ ಪಾದ್ರಿಯ ಅಂಗಿ ಬೇಡವೆಂದೂ ಕಲೆಯೇ ತಮ್ಮ ದಾರಿಯೆಂದೂ ನಿರ್ಧರಿಸಿದರು. ಕೆಲಕಾಲ ವಾಸ್ತುಶಿಲ್ಪಿಯೊಬ್ಬನ ಕೈಕೆಳಗೆ ಕಲಿತು, ಕೆಲಕಾಲ ಚಿತ್ರ ಬರೆದು, 1859ರಲ್ಲಿ ಮಾರಿಸನು ಕುದುರೆಲಾಯದ ಆಳಿನ ಮಗಳಾದ ಜೇನ್ ಬರ್ಡನ್ನಳನ್ನು ಮದುವೆಯಾದನು. ಆ ಕಾಲದ ಸಿರಿವಂತರಿಗೆ ಇದು ಹುಬ್ಬೇರಿಸುವ ಸಂಗತಿ.

ಹೊಸ ದಂಪತಿಗಳಿಗಾಗಿ ಗೆಳೆಯ ಫಿಲಿಪ್ ವೆಬ್ಬನು ಕೆಂಪು ಇಟ್ಟಿಗೆಯ ಮನೆಯೊಂದನ್ನು ಕಟ್ಟಿಸಿಕೊಟ್ಟನು. ಮನೆಯೊಳಗಿಡಲು ಮನಸ್ಸಿಗೊಪ್ಪುವ ಸಾಮಾನು ಅಂಗಡಿಗಳಲ್ಲಿ ದೊರೆಯಲಿಲ್ಲ. ಗೆಳೆಯರೇ ಕೂಡಿ ಕುರ್ಚಿ ಮೇಜುಗಳನ್ನು ಮಾಡಿದರು, ಗೋಡೆಗೆ ಬಣ್ಣ ಬರೆದರು, ಪರದೆಗಳಿಗೆ ಕಸೂತಿ ಹಾಕಿದರು. ಈ ಆಟವೇ 1861ರಲ್ಲಿ ವ್ಯಾಪಾರಸಂಸ್ಥೆಯಾಯಿತು.

ಗೋಡೆಗೆ ಅಂಟಿಸುವ ಚಿತ್ರಕಾಗದದ ಕತೆ ಇಲ್ಲಿಂದ ಮೊದಲಾಗುತ್ತದೆ. ಮಾರಿಸನ ಮೊದಲ ನಮೂನೆ, ಚೌಕುಳಿ ಹಂದರದ ಮೇಲೆ ಹಬ್ಬಿದ ಗುಲಾಬಿ. ಬಳ್ಳಿಯನ್ನು ತಾನು ಬರೆದು, ಹಕ್ಕಿಗಳನ್ನು ವೆಬ್ಬನಿಂದ ಬರೆಯಿಸಿದನು. ಸತುವಿನ ತಗಡಿನಿಂದ ತಾನೇ ಅಚ್ಚೊತ್ತಲು ಹೊರಟು ಕೈಸೋತು, ಕೊನೆಗೆ ಆ ಕಸುಬಿನಲ್ಲಿ ನುರಿತ ಜೆಫ್ರಿ ಕಂಪೆನಿಗೆ ಒಪ್ಪಿಸಿದನು. ಅಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಮರದ ಅಚ್ಚು. ಕೆಲಸಗಾರನು ಅಚ್ಚನ್ನು ಬಣ್ಣದಲ್ಲಿ ಅದ್ದಿ, ಕಾಗದದ ಮೇಲೆ ಗುರುತಿಗೆ ಸರಿಯಾಗಿ ಒತ್ತಿ, ಮುಂದಕ್ಕೆ ಸರಿಸಿ ಮತ್ತೆ ಒತ್ತುತ್ತಿದ್ದನು. ಒಂದು ಬಣ್ಣ ಆರಿದ ಬಳಿಕವೇ ಇನ್ನೊಂದು. ಕಾಗದದ ಅಗಲ 21 ಅಂಗುಲ. ಅದರೊಳಗೇ ಚಿತ್ರವು ಪಕ್ಕದ ಪಟ್ಟಿಗೂ ಮೇಲಿನ ಒತ್ತಿಗೂ ಕೂಡಿಕೊಳ್ಳಬೇಕು. 1875ರ ಅಕಾಂತಸ್ ಎಂಬ ಎಲೆಯ ನಮೂನೆಗೆ 30 ಅಚ್ಚುಗಳು ಬೇಕಾದುವು! ಇಂದಿನ ತರುಣನು ಬೆರಳ ತುದಿಯಿಂದ ಮುಗಿಸುವ ಕೆಲಸಕ್ಕೆ ಅಂದು ಎಷ್ಟು ತೋಳುಗಳು ದಣಿದುವೋ!

ಸಂದನ್ನು ಕೂಡಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹೂವೊಂದು ಸಾಲುಸಾಲಾಗಿ ಒಂದೇ ಮಟ್ಟದಲ್ಲಿ ಬಂದರೆ ಕವಾಯತಿಗೆ ನಿಂತ ಸಿಪಾಯಿಗಳಂತೆ ಕಾಣುತ್ತದೆ. ಕಣ್ಣು ಅದನ್ನು ಎಣಿಸತೊಡಗುತ್ತದೆ. ಪಕ್ಕದ ಪಟ್ಟಿಯನ್ನು ಅರ್ಧ ಅಳತೆಯಷ್ಟು ಕೆಳಕ್ಕೆ ಸರಿಸಿದರೆ ಹೂಗಳು ಓರೆಯಾಗಿ ಸಾಗಿ, ಮೊದಲು ಯಾವುದು ಕೊನೆ ಯಾವುದು ಎಂಬುದು ತಿಳಿಯದಂತಾಗುತ್ತದೆ. ಕಂಪ್ಯೂಟರಿನಲ್ಲಿ ನಮೂನೆ ತುಂಬುವವರು ಇಂದಿಗೂ ಬಳಸುವ ಈ ಹಳೆಯ ಉಪಾಯವು ಮಾರಿಸನಿಗೆ ಕರತಲಾಮಲಕವಾಗಿದ್ದಿತು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯದಲ್ಲಿ ಪರ್ಷಿಯ, ಇಟಲಿ ಮೊದಲಾದ ದೇಶಗಳ ಹಳೆಯ ಬಟ್ಟೆಗಳ ಮುಂದೆ ಗಂಟೆಗಟ್ಟಲೆ ನಿಂತು ಆತನು ಕಲಿತನು. 1881ರಲ್ಲಿ ಲಂಡನ್ನಿನ ಕಾರ್ಮಿಕರ ಕಾಲೇಜಿನಲ್ಲಿ ನಮೂನೆಯ ರಚನೆಯನ್ನು ಕುರಿತು ಉಪನ್ಯಾಸವನ್ನೇ ಕೊಟ್ಟನು. ಅಡಿಯಲ್ಲಿ ಗಣಿತದ ಬಲೆಯೊಂದು ಗಟ್ಟಿಯಾಗಿರಬೇಕು, ಆದರೆ ಮೇಲಿನ ಸೊಂಪಿನಲ್ಲಿ ಅದು ಮರೆಯಾಗಬೇಕು. ಒಂದೊಂದು ಗೆರೆಯೂ ತಾನು ಎಲ್ಲಿಂದ ಚಿಗುರಿತೆಂಬುದನ್ನು ತೋರಿಸುವಂತಿರಬೇಕು ಎಂಬುದು ಅಲ್ಲಿ ಆತನ ಬೋಧೆಯ ಸಾರ. ಇಂಥ ಬಲೆಗಳ ಸಮಮಿತಿ 17 ಬಗೆಗಳನ್ನು ಮೀರದೆಂದು ರಷ್ಯದ ಫೆಡರೋವನು ಸಿದ್ಧಪಡಿಸಿದ್ದು ಅದಾದ ಹತ್ತು ವರ್ಷಗಳ ಮೇಲೆ, 1891ರಲ್ಲಿ. ಅಂಗಳದಲ್ಲಿ ಚುಕ್ಕೆಯಿಟ್ಟು ರಂಗೋಲಿ ಹಾಕುವ ನಮ್ಮ ತಾಯಂದಿರಿಗೆ ಚುಕ್ಕೆಯ ಬಲೆಯ ಬಗ್ಗೆ ಹೊಸದಾಗಿ ಹೇಳಬೇಕಾದುದಿಲ್ಲ.

ಬಣ್ಣದ ವಿಷಯದಲ್ಲಿಯೂ ಆತನದು ಇದೇ ಹಟ. ಅಂಗಡಿಗಳನ್ನು ತುಂಬಿದ್ದ ರಾಸಾಯನಿಕ ಬಣ್ಣಗಳನ್ನು ಒಲ್ಲದೆ, 1875ರಿಂದ ಲೀಕ್ ಎಂಬ ಊರಿನ ಥಾಮಸ್ ವಾರ್ಡಲನ ಬಣ್ಣದ ಮನೆಗೆ ಹೋಗಿ ನೀಲಿಯ ತೊಟ್ಟಿಯಲ್ಲಿ ತಾನೇ ಕೈಯದ್ದಿದನು. ಮೊಳಕೈವರೆಗೂ ನೀಲಿಯಾದ ತೋಳುಗಳನ್ನು ಹೊತ್ತೇ ತಿರುಗುತ್ತಿದ್ದನು. ಈ ವಾರ್ಡಲನು ಭಾರತದ ಟಸರ್ ರೇಷ್ಮೆಯನ್ನು ಆಳವಾಗಿ ಅಭ್ಯಸಿಸಿದವನು. ಮುಂದೆ ನಮ್ಮ ದೇಶಕ್ಕೂ ಬಂದುಹೋದನು. ಆಂಗ್ಲರ ವ್ಯಾಪಾರವು ಭಾರತದ ಕುಶಲಕಲೆಗಳನ್ನು ನಾಶಮಾಡುತ್ತಿದೆಯೆಂದು ಮಾರಿಸನು 1879ರಲ್ಲಿ ಬರ್ಮಿಂಗ್‌ಹ್ಯಾಮಿನ ಸಭೆಯಲ್ಲಿ ಆಕ್ಷೇಪಿಸಿದ್ದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

1881ರಲ್ಲಿ ವಾಂಡಲ್ ನದಿಯ ದಂಡೆಯ ಮರ್ಟನ್ ಆಬಿಯಲ್ಲಿ ಆತನ ಸ್ವಂತ ಕಾರ್ಖಾನೆ ನಿಂತಿತು. ಅಲ್ಲಿ ಹುಟ್ಟಿದ ಬಟ್ಟೆಗಳಲ್ಲಿ 1883ರ ಸ್ಟ್ರಾಬೆರಿ ಕಳ್ಳ ಎಂಬುದು ಜಗತ್ಪ್ರಸಿದ್ಧ. ಹಳ್ಳಿಯ ತೋಟದಲ್ಲಿ ಬಲೆಯ ಕೆಳಗೆ ನುಸುಳಿ ಹಣ್ಣು ಕದಿಯುತ್ತಿದ್ದ ಹಕ್ಕಿಗಳೇ ಅದರ ನಾಯಕರು. ಬಟ್ಟೆಯನ್ನೆಲ್ಲ ಮೊದಲು ನೀಲಿಯಲ್ಲಿ ಅದ್ದಿ, ಚಿತ್ರ ಬರಬೇಕಾದೆಡೆಯಲ್ಲಿ ಮಾತ್ರ ಬಣ್ಣ ಕಳೆಯುವ ದ್ರವವನ್ನು ಅಚ್ಚಿನಿಂದೊತ್ತಿ, ಬಿಳುಪಾದ ಜಾಗಕ್ಕೆ ಕೆಂಪು ಹಳದಿಗಳನ್ನು ಕೂಡಿಸಬೇಕಾಗಿದ್ದಿತು. ಒಂದೊಂದು ಹಂತಕ್ಕೂ ತೊಳೆತ, ಒಣಗಿಸುವಿಕೆ. ದಿನಗಳೇ ಹಿಡಿಯುವ ಈ ಬಟ್ಟೆಯ ಬೆಲೆಯು, ಅದನ್ನು ತೊಳೆದು ಹರವುತ್ತಿದ್ದವನ ಕೈಗೆ ನಿಲುಕುವಂತಿರಲಿಲ್ಲ.

ಆತನ ಬಾಳಿನ ಸಂದು ಎಂದೆನಲ್ಲ, ಅದು ಇದೇ. ಕೆಲಸವು ಕೆಲಸಗಾರನಿಗೆ ಸಂತೋಷವನ್ನು ಕೊಡಬೇಕು, ಚೆಲುವಾದ ವಸ್ತು ಎಲ್ಲರ ಮನೆಯಲ್ಲಿಯೂ ಇರಬೇಕು ಎಂದು ನಂಬಿದವನ ಸರಕನ್ನು ಕೊಂಡವರು ಸಿರಿವಂತರು. ಕಾರ್ಖಾನೆಯ ಮೇಲಿನ ಕೆಲವರಿಗೆ ಲಾಭದ ಪಾಲು ದೊರೆಯುತ್ತಿದ್ದಿತು. ಉಳಿದವರಿಗೆ ಕೂಲಿ ಮಾತ್ರ. ತಾನೊಬ್ಬನೇ ಲಾಭವನ್ನೆಲ್ಲ ಹಂಚಿದರೆ ಲೋಕದ ಕ್ರಮವು ಬದಲಾಗದೆಂದು ಆತನು ವಾದಿಸಿದನು. ವಾದದಲ್ಲಿ ಹುರುಳಿಲ್ಲದಿಲ್ಲ, ಆದರೆ ಯಜಮಾನನ ಬಾಯಿಂದ ಬಂದ ವಾದವನ್ನು ಸ್ವಲ್ಪ ತೂಗಿ ನೋಡುವುದೇ ಲೇಸು.

ಇದಕ್ಕಿಂತಲೂ ಕಹಿಯಾದ ಸಂಗತಿಯೊಂದುಂಟು. ತಂದೆ ಷೇರು ಕೊಂಡಿದ್ದ ಆ ಡೆವನ್ ಗಣಿಯು ಮುಂದೆ ಪಾಷಾಣವನ್ನು ಹೇರಳವಾಗಿ ತೆಗೆಯತೊಡಗಿತು. 1871ರಿಂದ 1875ರವರೆಗೆ ಮಾರಿಸನು ಅದರ ನಿರ್ದೇಶಕರಲ್ಲೊಬ್ಬನು. ಅಂದಿನ ಗೋಡೆಕಾಗದಗಳ ಹಸುರಿಗೆ ಪಾಷಾಣವನ್ನು ಬೆರೆಸುತ್ತಿದ್ದರು. ಹಂದರದ ಮೇಲಿನ ಗುಲಾಬಿಯ ಹಳೆಯ ತುಣುಕೊಂದನ್ನು ವಿಜ್ಞಾನಿಗಳು ಪರೀಕ್ಷಿಸಿ, ಆತನ ಎಲೆಗಳಲ್ಲಿಯೂ ಆ ವಿಷವಿದ್ದುದನ್ನು 2003ರಲ್ಲಿ ಪ್ರಕಟಿಸಿದರು. ವೈದ್ಯರು ಎಚ್ಚರಿಸಿದಾಗ ಮಾರಿಸನು ಅದನ್ನು ಬರಿಯ ಭ್ರಮೆಯೆಂದು ತಳ್ಳಿಹಾಕಿದ್ದನು. ನೀಲಿಯ ತೊಟ್ಟಿಯ ಆಳವನ್ನು ಕಂಡವನು ಗಣಿಯ ಆಳವನ್ನು ಕಾಣಲು ಇಚ್ಛಿಸಲಿಲ್ಲ.

ಆದರೂ ಆತನು ಸುಮ್ಮನೆ ಕುಳಿತವನಲ್ಲ. ಸ್ಟ್ರಾಬೆರಿ ಕಳ್ಳ ಹುಟ್ಟಿದ 1883ನೆಯ ವರ್ಷವೇ ಸಮಾಜವಾದಿಗಳ ಸಂಘವನ್ನು ಸೇರಿದನು. ಐವತ್ತರ ಹೊಸ್ತಿಲಲ್ಲಿ ನಿಂತ ಹೆಸರಾಂತ ಕವಿ, ತುಂಬಿದ ಗಡ್ಡದ ಯಜಮಾನ, ಬೀದಿಯ ಮೂಲೆಗಳಲ್ಲಿ ನಿಂತು ಭಾಷಣ ಮಾಡಿದನು. ಪತ್ರಿಕೆ ನಡೆಸಿ ತನ್ನ ಹಣವನ್ನು ಸುರಿದನು. 1885ರಲ್ಲಿ ಪೋಲೀಸರು ಹಿಡಿದು ನ್ಯಾಯಾಲಯದ ಮುಂದೆ ನಿಲ್ಲಿಸಿದರು, ಬಿಡುಗಡೆಯೂ ಆಯಿತು. 1887ರ ನವೆಂಬರ್ 13ರಂದು ಟ್ರಫಾಲ್ಗರ್ ಚೌಕಕ್ಕೆ ಹೊರಟ ಮೆರವಣಿಗೆಯ ಮೇಲೆ ಲಾಠಿಗಳು ಬಿದ್ದಾಗ ಆತನೂ ಆ ಗುಂಪಿನಲ್ಲಿದ್ದನು. ಹಳೆಯ ಗೆಳೆಯರಲ್ಲಿ ಕೆಲವರು ತಲೆಯಾಡಿಸಿದರು. ಮನೆಯಲ್ಲಿಯೂ ನೆಮ್ಮದಿಯಿರಲಿಲ್ಲ, ಹಿರಿಯ ಮಗಳು ಜೆನ್ನಿಗೆ 1876ರಿಂದ ಮೂರ್ಛೆರೋಗ.

ಅದೇ 1887ರಲ್ಲಿ, ಸಭೆ ಮೆರವಣಿಗೆಗಳ ನಡುವೆಯೇ, ವಿಲೋ ಎಂಬ ನೀರಂಚಿನ ಮರದ ರೆಂಬೆಗಳ ನಮೂನೆಯನ್ನು ಬರೆದನು. ತೆಳುವಾದ ಎಲೆಗಳ ಹೊರತು ಅದರಲ್ಲಿ ಏನೂ ಇಲ್ಲ. ಎಲ್ಲಿ ಹುಡುಕಿದರೂ ಸಂದು ಸುಲಭವಾಗಿ ಸಿಕ್ಕುವುದಿಲ್ಲ. ಆತನು ಬರೆದ 50ಕ್ಕೂ ಹೆಚ್ಚು ಗೋಡೆಕಾಗದಗಳಲ್ಲಿ ನನಗೆ ಹೆಚ್ಚು ಪ್ರಿಯವಾದುದು ಇದೇ.

1891ರಲ್ಲಿ ಮುದ್ರಣಾಲಯವನ್ನು ತೆರೆದು, ಅಕ್ಷರಗಳನ್ನೂ ಪುಟದಂಚಿನ ಬಳ್ಳಿಗಳನ್ನೂ ತಾನೇ ರಚಿಸಿದನು. ಚಾಸರ್ ಕವಿಯ ಸಮಗ್ರ ಕೃತಿಗಳ ಭವ್ಯ ಗ್ರಂಥವು 1896ರಲ್ಲಿ ಸಿದ್ಧವಾಗಿ ಕೈಸೇರುವಾಗ ದೇಹವು ಜರ್ಜರಿತವಾಗಿದ್ದಿತು. ಅದೇ ವರ್ಷ ಅಕ್ಟೋಬರ್ 3ರಂದು, ತನ್ನ 62ನೆಯ ವಯಸ್ಸಿನಲ್ಲಿ, ಲಂಡನ್ನಿನ ಹ್ಯಾಮರ್‌ಸ್ಮಿತ್ ಮನೆಯಲ್ಲಿ ಆತನು ಕೊನೆಯುಸಿರೆಳೆದನು. ಶವವನ್ನು ರೈಲಿನಲ್ಲಿ ಕೆಲ್ಮ್‌ಸ್ಕಾಟ್ ಹಳ್ಳಿಯ ಕಡೆಗೆ ಒಯ್ದರು. ನಿಲ್ದಾಣದಿಂದ ಇಗರ್ಜಿಯವರೆಗೆ ಕರಿಯ ಗಾಡಿಯಿರಲಿಲ್ಲ. ರೈತರು ಹುಲ್ಲು ಹೇರುವ ತೆರೆದ ಬಂಡಿಗೆ ವಿಲೋ ರೆಂಬೆಗಳನ್ನು ಕಟ್ಟಿ, ಅದರಲ್ಲಿಯೇ ಆತನನ್ನು ಕರೆದೊಯ್ದರು.