ಸ್ಟ್ಯಾಂಡರ್ಡ್ ಕಾರಿನ ಜನಕ ರೆಜಿನಾಲ್ಡ್ ಮಾಡ್ಸ್ಲೆ

ಮದರಾಸಿನ ಬೀದಿಗಳಲ್ಲಿ ಹೆರಾಲ್ಡ್, ಗೆಜೆಲ್ ಕಾರುಗಳನ್ನು ಕಂಡಿದ್ದ ನಮ್ಮ ಹಿರಿಯ ವಾಚಕರಿಗೆ ಸ್ಟ್ಯಾಂಡರ್ಡ್ ಎಂಬ ಹೆಸರನ್ನು ನಾವು ಪರಿಚಯಿಸಬೇಕಾಗಿಲ್ಲ. ಆ ಹೆಸರನ್ನಿಟ್ಟ ರೆಜಿನಾಲ್ಡ್ ಮಾಡ್ಸ್ಲೆಯವರು ಜನಿಸಿದುದು 1871ರಲ್ಲಿ; ಪ್ರಸಿದ್ಧ ಯಂತ್ರಶಿಲ್ಪಿ ಹೆನ್ರಿ ಮಾಡ್ಸ್ಲೆಯವರ ಮರಿಮಗ. ಲಂಡನ್ನಿನ ಟವರ್ ಸೇತುವೆಯನ್ನು ಕಟ್ಟಿದ ಸರ್ ಜಾನ್ ವುಲ್ಫ್ ಬ್ಯಾರಿಯವರ ಕೈಕೆಳಗೆ ಪಳಗಿ, ಅವರಿತ್ತ 3,000 ಪೌಂಡುಗಳ ಬಲದಿಂದ 1903ರಲ್ಲಿ ಕೊವೆಂಟ್ರಿ ನಗರದಲ್ಲಿ ಕಾರ್ಖಾನೆ ತೆರೆದರು. ಪರೀಕ್ಷೆಯಲ್ಲಿ ಸೈ ಎನಿಸಿಕೊಂಡ ಭಾಗಗಳಿಂದಲೇ ಕಾರನ್ನು ಕಟ್ಟಬೇಕೆಂಬುದು ಅವರ ನಿಯಮ. ಸ್ಟ್ಯಾಂಡರ್ಡ್ ಎಂಬ ಹೆಸರಿನ ಮೂಲವೂ ಅದೇ. 1911ರ ದಿಲ್ಲಿ ದರ್ಬಾರಿಗೆ ಬಂದ ಐದನೆಯ ಜಾರ್ಜ್ ದೊರೆಗಳ ಪರಿವಾರಕ್ಕೆ 70 ಕಾರುಗಳನ್ನು ಒದಗಿಸಿದ ಕೀರ್ತಿ ಅವರ ಕಂಪನಿಯದು.

1920ರ ದಶಕದ ಕೊನೆಗೆ ಕಂಪನಿ ನಷ್ಟಕ್ಕಿಳಿಯಿತು. ಆಡಳಿತದ ಸೂತ್ರ ಕ್ರಮೇಣ ಜಾನ್ ಬ್ಲ್ಯಾಕ್ ಎಂಬವರ ಕೈಸೇರಿತು. 1934ರಲ್ಲಿ ನಿವೃತ್ತರಾದ ಮಾಡ್ಸ್ಲೆಯವರು ಆ ವರ್ಷವೇ ಕಾಲವಶರಾದರು.

ಅವರು ಇಟ್ಟ ಹೆಸರು ಮಾತ್ರ ಕಡಲು ದಾಟಿತು. ಮದರಾಸಿನ ಯೂನಿಯನ್ ಕಂಪನಿಯವರು 1948ರಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ವಂಡಲೂರಿನ ಬಳಿ ಕಾರುಗಳು ಸಿದ್ಧವಾದವು. ಬ್ರಿಟನ್ನಿನಲ್ಲಿ 1963ರಲ್ಲಿ ಅಳಿದ ಹೆಸರು ಇಲ್ಲಿ ಇನ್ನೂ 25 ವರ್ಷ ಉಳಿಯಿತೆಂಬುದು ಸೋಜಿಗವೇ ಸರಿ. ಆದರೆ 1985ರಲ್ಲಿ ಬಂದ ಸ್ಟ್ಯಾಂಡರ್ಡ್ 2000 ಕಾರಿಗೆ ಹೊರಗೆ ರೋವರಿನ ಅಂದದ ಮೈ, ಒಳಗೆ ಹಳೆಯ ವ್ಯಾನ್‌ಗಾರ್ಡಿನ ಎಂಜಿನ್. ಬೆಲೆ ದುಬಾರಿ, ಪೆಟ್ರೋಲಿನ ಖರ್ಚೂ ವಿಪರೀತ. ಎಂಜಿನ್ ಪರೀಕ್ಷೆಗೆ ನಿಂತದ್ದೇನೋ ಹೌದು. ಆದರೆ ಆ ಪರೀಕ್ಷೆ ನಡೆದು ನಾಲ್ಕು ದಶಕಗಳು ಸಂದಿದ್ದುವು! ಮಾಡ್ಸ್ಲೆಯವರ ನಿಯಮವನ್ನು ಹೀಗೆ ಅರ್ಥಮಾಡುವುದು ನಮಗೆ ಒಪ್ಪಿಗೆಯಾಗದು. ಕೊಳ್ಳುವವರಿಗೂ ಒಪ್ಪಿಗೆಯಾಗಲಿಲ್ಲ. 1988ರಲ್ಲಿ ಕಾರಿನ ತಯಾರಿಕೆ ನಿಂತಿತು.