ದುಡಿಯುವವರ ವೈದ್ಯ ರಾಮಜ್ಜಿನಿ

ದೇಹವು ನೆಟ್ಟಗಿದ್ದಲ್ಲದೆ ಕಾಯಕವು ಸಾಗದು. ಕಾಯಕವು ಸಾಗಿದಲ್ಲದೆ ಮನೆಯ ಒಲೆಯು ಉರಿಯದು. ಉಳ್ಳವನು ಹಾಸಿಗೆ ಹಿಡಿದರೆ ಆತನ ಹೊಲವನ್ನು ಆಳುಗಳು ಉಳುತ್ತಾರೆ, ಅಂಗಡಿಯನ್ನು ಗುಮಾಸ್ತನು ನಡೆಸುತ್ತಾನೆ. ಅಂದಿನ ದುಡಿಮೆಯಿಂದ ಅಂದಿನ ಅನ್ನವನ್ನು ಕಾಣುವವನು ಹಾಸಿಗೆ ಹಿಡಿದರೆ ಆ ದಿನದಿಂದಲೇ ಮನೆಮಂದಿಯೆಲ್ಲ ಉಪವಾಸಕ್ಕೆ ಅಣಿಯಾಗಬೇಕು. ರೋಗವು ಬಂದು ಕೂಲಿಯನ್ನು ಕಸಿಯುವುದು ಒಂದು ಬಗೆಯ ದುಃಖ. ಅನ್ನವನ್ನು ನೀಡುವ ಕಸುಬೇ ರೋಗವನ್ನೂ ನೀಡಿ, ಆ ರೋಗವು ತಿರುಗಿ ಆ ಕಸುಬನ್ನೇ ಕಸಿದುಕೊಳ್ಳುವುದು ಅದಕ್ಕಿಂತಲೂ ದಾರುಣವಾದ ದುಃಖ. ಈ ಎರಡನೆಯ ದುಃಖವನ್ನು ಕಣ್ಣಾರೆ ಕಂಡು, ಅದನ್ನೇ ಶಾಸ್ತ್ರದ ವಿಷಯವನ್ನಾಗಿ ಮಾಡಿ, ಒಂದೊಂದು ಕಸುಬಿನವರ ಬಾಗಿಲಿಗೂ ಹೋಗಿ ವಿಚಾರಿಸಿದ ಮಹಾನುಭಾವನು ಇಟಲಿ ದೇಶದ ವೈದ್ಯನಾದ ಬರ್ನಾರ್ಡಿನೊ ರಾಮಜ್ಜಿನಿ.

ಆತನು ಹುಟ್ಟಿದುದು 1633ರಲ್ಲಿ, ಮೊಡೆನ ಸಂಸ್ಥಾನಕ್ಕೆ ಸೇರಿದ ಕಾರ್ಪಿ ಎಂಬ ಚಿಕ್ಕ ಪಟ್ಟಣದಲ್ಲಿ. ಪಾರ್ಮ ನಗರದ ವಿಶ್ವವಿದ್ಯಾಲಯದಲ್ಲಿ ಮೊದಲು ತತ್ತ್ವಶಾಸ್ತ್ರವನ್ನೂ ತರುವಾಯ ವೈದ್ಯಶಾಸ್ತ್ರವನ್ನೂ ಓದಿ 1659ರಲ್ಲಿ ಪದವಿಯನ್ನು ಪಡೆದನು. ಅನಂತರ ರೋಮ್ ನಗರದಲ್ಲಿ ಹಿರಿಯ ವೈದ್ಯರೊಬ್ಬರ ಬಳಿ ಕೈಪಳಗಿಸಿಕೊಂಡು, ಅದರ ಉತ್ತರಕ್ಕಿರುವ ಸಣ್ಣ ಊರುಗಳಲ್ಲಿ ಊರ ವೈದ್ಯನಾಗಿ ನಿಂತನು. ಆ ಸೀಮೆಯು ಚಳಿಜ್ವರಕ್ಕೆ ಹೆಸರಾದುದು. ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗುವ ಮುನ್ನವೇ ಮಲೇರಿಯವು ಆತನನ್ನೇ ಹಿಡಿಯಿತು. ದೇಹವು ಸೊರಗಿತು, ಕೈಗೆ ಬಂದ ಉದ್ಯೋಗವನ್ನು ಬಿಟ್ಟು ತವರೂರಾದ ಕಾರ್ಪಿಗೆ ಹಿಂದಿರುಗಬೇಕಾಯಿತು. ಇತರರ ರೋಗವನ್ನು ಕಳೆಯಲು ಹೋದವನ ಉದ್ಯೋಗವನ್ನೇ ರೋಗವು ಕಳೆಯಿತು. ಮುಂದೆ ಆತನು ಹಿಡಿದ ದಾರಿಯನ್ನು ನೋಡಿದರೆ ಈ ಅನುಭವವು ವ್ಯರ್ಥವಾಗಲಿಲ್ಲವೆಂದೇ ಹೇಳಬೇಕು.

ಆರೋಗ್ಯವು ಕೂಡಿಬಂದ ಮೇಲೆ ರಾಮಜ್ಜಿನಿಯು ಕೆಲವು ವರ್ಷ ಕಾರ್ಪಿಯಲ್ಲಿಯೇ ವೈದ್ಯವೃತ್ತಿಯನ್ನು ನಡೆಸಿ, 1671ರಲ್ಲಿ ಮೊಡೆನ ನಗರಕ್ಕೆ ಬಂದು ನೆಲೆಸಿದನು. 1682ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರದ ಅಧ್ಯಾಪಕನಾದನು. ಪಾಂಡಿತ್ಯವಿತ್ತು, ಪದವಿಯಿತ್ತು, ಶ್ರೀಮಂತರ ಮನೆಗಳಿಂದ ಕರೆಗಳು ಬರುತ್ತಿದ್ದುವು. ಆದರೆ ಆತನ ಬಾಳಿನ ದೊಡ್ಡ ಕಾರ್ಯಕ್ಕೆ ಬೀಜವನ್ನು ಬಿತ್ತಿದವನು ಶ್ರೀಮಂತನಲ್ಲ, ಪಂಡಿತನೂ ಅಲ್ಲ. ಮಲಗುಂಡಿಯನ್ನು ಬಳಿಯಲು ಬಂದ ಒಬ್ಬ ಬಡ ಕೂಲಿಕಾರ.

ಮೊಡೆನದಲ್ಲಿ ಮನೆಗಳು ಒತ್ತೊತ್ತಾಗಿದ್ದುವು. ಮೂರು ವರ್ಷಕ್ಕೊಮ್ಮೆ ಪ್ರತಿಯೊಂದು ಮನೆಯ ಮಲಗುಂಡಿಯನ್ನೂ ಚೊಕ್ಕಟಮಾಡಿಸುವುದು ಅಲ್ಲಿಯ ರೂಢಿ. ಒಮ್ಮೆ ರಾಮಜ್ಜಿನಿಯ ಮನೆಯಲ್ಲಿಯೇ ಈ ಕೆಲಸವು ನಡೆದಿದ್ದಿತು. ಗುಂಡಿಗಿಳಿದವನು ಉಸಿರು ಕಟ್ಟಿಕೊಂಡು ಬಹಳ ಅವಸರದಿಂದ ಕೆಲಸಮಾಡುತ್ತಿರುವುದನ್ನು ಕಂಡು ಆತನಿಗೆ ಕನಿಕರವುಂಟಾಯಿತು. ಇಷ್ಟೇಕೆ ದಣಿಯಬೇಕು, ನಿಧಾನವಾಗಿ ಮಾಡಬಾರದೇ ಎಂದು ವಿಚಾರಿಸಿದನು. ಮೂರು ನಾಲ್ಕು ಗಂಟೆಗಳಿಗಿಂತ ಹೆಚ್ಚು ಕಾಲ ಆ ಗುಂಡಿಯಲ್ಲಿದ್ದರೆ ಕಣ್ಣೇ ಹೋಗುವುದೆಂಬುದು ಆ ಬಡವನ ಅವಸರಕ್ಕೆ ಕಾರಣವಾಗಿದ್ದಿತು. ಮೇಲಕ್ಕೆ ಬಂದವನ ಕಣ್ಣುಗಳನ್ನು ವೈದ್ಯನು ಪರೀಕ್ಷಿಸಿ ನೋಡಿದನು. ಅವು ಕೆಂಪಡರಿ ಮಬ್ಬಾಗಿದ್ದುವು. ಮದ್ದೇನೆಂದು ಕೇಳಿದರೆ, ಮನೆಗೆ ಹೋಗಿ ಒಂದು ದಿನ ಕತ್ತಲೆಯ ಕೋಣೆಯಲ್ಲಿ ಕುಳಿತು ಉಗುರುಬೆಚ್ಚನೆಯ ನೀರಿನಿಂದ ಕಣ್ಣು ತೊಳೆದುಕೊಳ್ಳುವುದೊಂದೇ ಅವರಿಗೆ ಗೊತ್ತಿದ್ದ ಮದ್ದು. ಅನಂತರ ರಾಮಜ್ಜಿನಿಯು ಊರೊಳಗೆ ವಿಚಾರಿಸಿ ನೋಡಲಾಗಿ, ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದ ಕುರುಡರಲ್ಲಿ ಹಲವರು ಹಿಂದೆ ಇದೇ ಕಸುಬನ್ನು ಮಾಡಿದವರೆಂಬುದು ತಿಳಿದುಬಂದಿತು. ಊರನ್ನು ಚೊಕ್ಕಟವಾಗಿಟ್ಟವರು ಆ ಊರಿನ ಬೀದಿಯಲ್ಲಿಯೇ ಕೈಯೊಡ್ಡಿ ನಿಂತಿದ್ದರು. ಕಣ್ಣಿರುವ ತನಕ ಕೂಲಿ, ಕಣ್ಣು ಹೋದ ಮೇಲೆ ಭಿಕ್ಷೆ. ನಡುವೆ ಅವರನ್ನು ಹಿಡಿದೆತ್ತುವವರಾರೂ ಇರಲಿಲ್ಲ.

ಅಂದಿನಿಂದ ರಾಮಜ್ಜಿನಿಯ ದೃಷ್ಟಿಯು ದುಡಿಯುವವರ ಕಡೆಗೆ ತಿರುಗಿತು. ಕುಂಬಾರರು, ಕಮ್ಮಾರರು, ಗಾರೆಯವರು, ಕಲ್ಲುಕುಟಿಗರು, ನೇಕಾರರು, ಅಗಸರು, ಹಿಟ್ಟು ಬೀಸುವವರು, ರೊಟ್ಟಿ ಸುಡುವವರು, ಎಣ್ಣೆ ತೆಗೆಯುವವರು, ಚರ್ಮ ಹದಮಾಡುವವರು, ಸೂಲಗಿತ್ತಿಯರು, ಬೆಸ್ತರು, ಹೆಣ ಹೂಳುವವರು ಇವರೆಲ್ಲರ ಬದುಕನ್ನು ಆತನು ಹತ್ತಿರದಿಂದ ನೋಡಿದನು. ಪಂಡಿತನಾದವನು ಹೊಗೆ ಧೂಳುಗಳು ತುಂಬಿದ ಕೊಟ್ಟಿಗೆಗಳನ್ನು ಹೊಗುವುದು ಆ ಕಾಲದವರಿಗೆ ಹೀನಾಯವಾಗಿ ಕಾಣುತ್ತಿದ್ದಿತು. ಆತನು ಅದಕ್ಕೆ ಸಂಕೋಚಪಡಲಿಲ್ಲ. ಇದರ ಫಲವಾಗಿ 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತ ಆತನ ಲ್ಯಾಟಿನ್ ಗ್ರಂಥವು ಮೊಡೆನದಲ್ಲಿ ಪ್ರಕಟವಾಯಿತು. ಅದರಲ್ಲಿ 40ಕ್ಕೂ ಹೆಚ್ಚು ಕಸುಬುಗಳ ವಿಚಾರವಿದ್ದಿತು.

ಕಸುಬಿನಿಂದ ಬರುವ ರೋಗಗಳಿಗೆ ರಾಮಜ್ಜಿನಿಯು ಮುಖ್ಯವಾಗಿ ಎರಡು ಕಾರಣಗಳನ್ನು ಕಂಡನು. ಕೈಯಲ್ಲಿ ಹಿಡಿಯುವ ಪದಾರ್ಥದ ಕೆಡುಕು ಒಂದು. ದೇಹವನ್ನು ಅದರ ಸ್ವಭಾವಕ್ಕೆ ವಿರೋಧವಾಗಿ ಬಾಗಿಸಿ, ಬಿಗಿಹಿಡಿದು, ಒಂದೇ ಬಗೆಯಾಗಿ ದುಡಿಸುವುದು ಇನ್ನೊಂದು. ಕುಂಬಾರರು ಮಡಕೆಗೆ ಮೆರುಗು ಕೊಡಲು ಸೀಸವನ್ನು ಅರೆಯುತ್ತಿದ್ದರು. ಸೀಸದ ವಿಷವು ಮೈಸೇರಿ ಮೊದಲು ಕೈ ನಡುಗುವುದು, ಬಳಿಕ ಅಂಗಗಳ ಸ್ವಾಧೀನ ತಪ್ಪುವುದು, ಹಲ್ಲುಗಳು ಉದುರುವುದು. ಕೈಕಾಲುಗಳು ಪೂರ್ತಿಯಾಗಿ ನಿಲ್ಲುವವರೆಗೆ ಅವರು ವೈದ್ಯನ ಬಳಿಗೆ ಬರುತ್ತಲೇ ಇರಲಿಲ್ಲ; ಬಂದಾಗ ರೋಗದ ಜೊತೆಗೆ ಕಡುಬಡತನವೂ ಇರುತ್ತಿದ್ದಿತು. ವೆನಿಸ್ ನಗರದ ಬಳಿಯ ಮುರಾನೊ ದ್ವೀಪದಲ್ಲಿ ಕನ್ನಡಿಗೆ ಪಾದರಸದ ಲೇಪ ಕೊಡುವವರು ತಾವೇ ಮಾಡಿದ ಕನ್ನಡಿಗಳಲ್ಲಿ ತಮ್ಮ ಬಾಡಿದ ಮುಖವನ್ನು ಕಾಣಬೇಕಾಗಿದ್ದಿತು. ಹಿಟ್ಟು ಬೀಸುವವರ ಮತ್ತು ನಾರು ಹಿಂಜುವವರ ಎದೆಯನ್ನು ಧೂಳು ಸೇರಿ ಉಬ್ಬಸವನ್ನು ತರುತ್ತಿದ್ದಿತು.

ಕುಳಿತು ಮಾಡುವ ಕೆಲಸವು ನಿರಪಾಯವೆಂದು ತಿಳಿಯುವವರಿಗೂ ಆ ಗ್ರಂಥದಲ್ಲಿ ಪಾಠವಿದ್ದಿತು. ರಾಮಜ್ಜಿನಿಯು ಬಲ್ಲ ಒಬ್ಬ ಬರೆವಣಿಗೆಯವನು ಜೀವಮಾನವೆಲ್ಲ ಪತ್ರಗಳನ್ನು ಬರೆದು ಚೆನ್ನಾಗಿಯೇ ಸಂಪಾದಿಸಿದ್ದನು. ಕ್ರಮೇಣ ಬಲಗೈ ಸೋತು ಸ್ವಾಧೀನ ತಪ್ಪಿತು. ಜೀವನವು ನಡೆಯಬೇಕಲ್ಲ, ಅವನು ಎಡಗೈಯಿಂದ ಬರೆಯುವುದನ್ನು ಕಲಿತನು. ಸ್ವಲ್ಪ ಕಾಲದಲ್ಲಿ ಎಡಗೈಗೂ ಅದೇ ಗತಿಯಾಯಿತು.

ರೋಗದ ಮೂಲವನ್ನು ಅರಿತರೂ ನ್ಯಾಯವು ಸುಲಭವಾಗಿ ದೊರೆಯದೆಂಬುದನ್ನೂ ಆತನು ಬಲ್ಲವನಾಗಿದ್ದನು. ಮೊಡೆನ ಸಂಸ್ಥಾನದ ಫಿನಾಲೆ ಎಂಬ ಊರಿನಲ್ಲಿ ಒಬ್ಬ ವರ್ತಕನು ರಸಕರ್ಪೂರವನ್ನು ತಯಾರಿಸುವ ಕಾರ್ಖಾನೆಯನ್ನು ನಡೆಸುತ್ತಿದ್ದನು. ಅದರ ಕುಲುಮೆಯ ಹೊಗೆಯು ನೆರೆಯವರ ಎದೆಗೆ ಕೇಡು ತರುತ್ತಿದೆಯೆಂದು ಊರಿನವನೊಬ್ಬನು ನ್ಯಾಯಸ್ಥಾನಕ್ಕೆ ಹೋದನು. ವೈದ್ಯನ ಹೇಳಿಕೆಯನ್ನೂ, ಆ ಭಾಗದಲ್ಲಿ ಸಾವುಗಳು ಹೆಚ್ಚಿದುವೆಂದು ತೋರಿಸುವ ಇಗರ್ಜಿಯ ದಾಖಲೆಗಳನ್ನೂ ಮುಂದಿಟ್ಟನು. ಆದರೂ ಗೆದ್ದವನು ವರ್ತಕನೇ. ಈ ಪ್ರಸಂಗವನ್ನು ರಾಮಜ್ಜಿನಿಯು ಮುಚ್ಚಿಡದೆ ತನ್ನ ಗ್ರಂಥದಲ್ಲಿ ದಾಖಲುಮಾಡಿದನು.

ಬಡವನಿಗೆ ಕಸುಬನ್ನು ಬಿಡೆಂದು ಹೇಳುವುದು ಸುಲಭ. ಬಿಟ್ಟ ಮರುದಿನ ಉಣ್ಣುವುದೇನೆಂದು ಹೇಳುವುದು ಕಷ್ಟ. ಆದುದರಿಂದ ರಾಮಜ್ಜಿನಿಯು ಕೈಲಾದ ಉಪಾಯಗಳನ್ನು ಸೂಚಿಸಿದನು. ಗಾಳಿ ಬೆಳಕುಗಳಿರುವ ಜಾಗದಲ್ಲಿ ಕೆಲಸಮಾಡಬೇಕು, ಬಾಯಿ ಮೂಗುಗಳಿಗೆ ಮರೆ ಕಟ್ಟಿಕೊಳ್ಳಬೇಕು, ಕೆಲಸವಾದ ಮೇಲೆ ಮೈಯನ್ನೂ ಬಟ್ಟೆಯನ್ನೂ ಶುಚಿಮಾಡಿಕೊಳ್ಳಬೇಕು, ಕುಳಿತವನು ನಡುನಡುವೆ ಎದ್ದು ನಡೆಯಬೇಕು, ನಿಂತವನು ಸ್ವಲ್ಪ ಕೂರಬೇಕು. ಕೇಡು ಮಿತಿಮೀರಿದಲ್ಲಿ ಮಾತ್ರ ಕಸುಬನ್ನು ಬಿಡಲೇಬೇಕು. ಆರೋಗ್ಯವನ್ನು ಹಾಳುಮಾಡಿ ತರುವ ಲಾಭವು ಹೀನವಾದುದೆಂಬುದು ಆತನ ನಿಲುವು. ಕೂಲಿಕಾರನು ಬಹುದಿನ ಮಲಗಿರಲಾರನೆಂಬುದನ್ನೂ ಆತನು ಮರೆಯಲಿಲ್ಲ. ಬೇಗ ಗುಣವಾಗದಿದ್ದರೆ ಅವನು ರೋಗವಿರುವಾಗಲೇ ಮದ್ದನ್ನು ಬಿಟ್ಟು ಕೆಲಸಕ್ಕೆ ಹೋಗಿಬಿಡುವನು; ಆದುದರಿಂದ ಅಂಥವರ ಚಿಕಿತ್ಸೆಯು ಶೀಘ್ರವಾಗಿರಬೇಕೆಂದು ವೈದ್ಯರಿಗೆ ಬೋಧಿಸಿದನು.

ಆತನ ಬೋಧೆಗಳಲ್ಲೆಲ್ಲ ಶಿಖರಪ್ರಾಯವಾದುದು ಒಂದು ಚಿಕ್ಕ ಪ್ರಶ್ನೆ. ಬಡವನ ಗುಡಿಸಲಿಗೆ ಹೋದ ವೈದ್ಯನು ಒಡನೆಯೇ ನಾಡಿಯನ್ನು ಹಿಡಿದು ಮದ್ದು ಹೇಳಿ ಹೊರಡಬಾರದು. ಸಿಕ್ಕಿದ ಮುಕ್ಕಾಲಿಯ ಮೇಲೆಯೇ ಕುಳಿತು ರೋಗಿಯ ಮಾತನ್ನು ತಾಳ್ಮೆಯಿಂದ ಕೇಳಬೇಕು. ಗ್ರೀಕರ ಪ್ರಾಚೀನ ವೈದ್ಯನಾದ ಹಿಪೊಕ್ರಟೀಸನ ಹೆಸರಿನಲ್ಲಿ ಬಂದ ಪ್ರಶ್ನೆಗಳ ಜೊತೆಗೆ, ರೋಗಿಯು ಮಾಡುವ ಕಸುಬು ಯಾವುದೆಂಬ ಪ್ರಶ್ನೆಯನ್ನೂ ಕೇಳಲೇಬೇಕೆಂದು ರಾಮಜ್ಜಿನಿಯು ವಿಧಿಸಿದನು. ಕುಲವನ್ನಾಗಲಿ ಸಿರಿಯನ್ನಾಗಲಿ ಕೇಳದೆ ಕಾಯಕವನ್ನು ಕೇಳುವ ಈ ರೀತಿಯು ಶರಣರ ಮಾರ್ಗದಲ್ಲಿ ನಡೆಯುವವರಿಗೆ ಹೊಸದಾಗಿ ತೋರದು.

1700ರಲ್ಲಿಯೇ, 67ರ ವಯಸ್ಸಿನಲ್ಲಿ, ಆತನಿಗೆ ಪಾಡುವ ನಗರದ ಪ್ರಸಿದ್ಧ ವಿಶ್ವವಿದ್ಯಾಲಯದಿಂದ ಕರೆಬಂದಿತು. ಆದರೆ ಮುಪ್ಪಿನೊಡನೆ ರೋಗಗಳೂ ಬಂದುವು. ತಲೆಶೂಲೆ, ಎದೆಬಡಿತಗಳು ಕಾಡಿದುವು. ಕಣ್ಣಿನ ಬೆಳಕು ಕುಂದುತ್ತ ಕೊನೆಗೆ ಆರಿತು. ಓದಲಾರದವನು ಪಾಠವನ್ನು ಹೇಗೆ ಹೇಳುವುದೆಂದು ಆತನು ಬಿಡುಗಡೆಯನ್ನು ಬೇಡಿದನು. ವೆನಿಸ್ ಗಣರಾಜ್ಯದ ಸಭೆಯು ಒಪ್ಪಲಿಲ್ಲ. ಆತನ ಸ್ಥಾನವನ್ನು ಉಳಿಸಿ, 1709ರಲ್ಲಿ ಇನ್ನೂ ಹಿರಿಯ ಪೀಠಕ್ಕೇರಿಸಿತು. ಇಲ್ಲಿ ಒಂದು ಮಾತನ್ನು ವಿಚಾರಿಸಬೇಕು. ಮಲಗುಂಡಿಯ ಕೂಲಿಕಾರನ ಕಣ್ಣು ಹೋಯಿತು, ಪಂಡಿತನ ಕಣ್ಣೂ ಹೋಯಿತು. ಒಬ್ಬನು ಬೀದಿಗೆ ಬಂದನು, ಇನ್ನೊಬ್ಬನು ಪೀಠದಲ್ಲಿ ಉಳಿದನು. ಕುರುಡುತನವು ಒಂದೇ; ಆಸರೆಯಿದ್ದುದು ಒಬ್ಬನಿಗೆ ಮಾತ್ರ. ರೋಗವು ದೇಹಕ್ಕೆ ಮಾಡುವ ಹಾನಿ ಒಂದಾದರೆ, ಆಸರೆಯಿಲ್ಲದ ಸಮಾಜವು ಅದಕ್ಕೆ ಕೂಡಿಸುವ ಹಾನಿ ಇನ್ನೊಂದು.

ಕಣ್ಣಿಲ್ಲದೆಯೂ ರಾಮಜ್ಜಿನಿಯು ಕೆಲಸವನ್ನು ನಿಲ್ಲಿಸಲಿಲ್ಲ. 1713ರಲ್ಲಿ ಗ್ರಂಥಕ್ಕೆ ಇನ್ನೂ 12 ಅಧ್ಯಾಯಗಳನ್ನು ಸೇರಿಸಿ ಪಾಡುವದಲ್ಲಿ ಎರಡನೆಯ ಮುದ್ರಣವನ್ನು ಹೊರತಂದನು. 1714ರ ನವೆಂಬರ್ 5ರಂದು, ಪಾಠಕ್ಕೆ ಹೊರಡುವ ಸಿದ್ಧತೆಯಲ್ಲಿದ್ದಾಗ ಆಘಾತವಾಗಿ, ಅಂದೇ ದೇಹವನ್ನು ಬಿಟ್ಟನು.

ಆತನು ಬಿತ್ತಿದ ವಿಚಾರವು ನಿಧಾನವಾಗಿ ಫಲಕೊಟ್ಟಿತು. 1883ರಲ್ಲಿ ಜರ್ಮನಿಯಲ್ಲಿ ಕಾರ್ಮಿಕರ ರೋಗವಿಮೆಯ ಶಾಸನವಾಯಿತು. ಭಾರತದಲ್ಲಿ 1923ರ ಶಾಸನವು ಕೆಲಸದಲ್ಲಿ ಗಾಯಗೊಂಡವರಿಗೂ, ಸೀಸದ ವಿಷ ಮೊದಲಾದ ಕಸುಬಿನ ರೋಗಗಳಿಗೆ ತುತ್ತಾದವರಿಗೂ ಪರಿಹಾರವನ್ನು ವಿಧಿಸಿತು. 1948ರ ರಾಜ್ಯ ವಿಮಾ ಶಾಸನವು ಕಾಯಿಲೆಯ ದಿನಗಳಲ್ಲಿಯೂ ಕಾರ್ಮಿಕನ ಕೈಗೆ ಹಣವು ಸೇರುವ ಏರ್ಪಾಡನ್ನು ಮಾಡಿತು. ಮಲ ಬಳಿಯುವ ಪದ್ಧತಿಯನ್ನು 1993ರಲ್ಲಿಯೂ 2013ರಲ್ಲಿಯೂ ಕಾನೂನು ನಿಷೇಧಿಸಿತು. ಆದರೂ ರಕ್ಷಣೆಯಿಲ್ಲದೆ ಗುಂಡಿಗಿಳಿದು ಉಸಿರುಗಟ್ಟಿ ಸಾಯುವವರ ಸುದ್ದಿಯು ಇನ್ನೂ ನಿಂತಿಲ್ಲ. ಕಾನೂನು ಪುಸ್ತಕದಲ್ಲಿರುವುದು, ಗುಂಡಿಯು ಮನೆಯ ಹಿಂದಿರುವುದು.

ಗೃಹಸ್ಥನಾದವನ ಮನೆಗೆ ಪಾತ್ರೆ ತೊಳೆಯುವವಳು, ಹೊಲ ಉಳುವವನು, ಸುಣ್ಣ ಬಳಿಯುವವನು, ಮೂಟೆ ಹೊರುವವನು ಬರುತ್ತಾರೆ. ಅವರಲ್ಲಿ ಒಬ್ಬರು ನಾಲ್ಕು ದಿನ ಬಾರದಿದ್ದಾಗ ಕೂಲಿಯನ್ನು ಹಿಡಿದು ಬೇರೆಯವರನ್ನು ಗೊತ್ತುಮಾಡಿಕೊಳ್ಳುವುದು ಲೋಕದ ರೂಢಿ. ಅವರ ಮನೆಯ ಬಾಗಿಲಿಗೆ ಹೋಗಿ, ಏನಾಯಿತೆಂದು ಕೇಳಿ, ಮದ್ದಿಗೂ ಅಂಬಲಿಗೂ ದಾರಿಮಾಡಿ, ಗುಣವಾಗುವ ತನಕ ಅವರ ಕೆಲಸವನ್ನು ಅವರಿಗಾಗಿಯೇ ಕಾದಿರಿಸುವುದು ದಾಸೋಹ. ಕಾಯಕವನ್ನು ಪೂಜ್ಯವೆಂದು ಬಗೆಯುವವರು ಕಾಯಕ ಮಾಡುವ ಕಾಯವನ್ನು ಕಡೆಗಣಿಸುವುದು ಸಲ್ಲದು.