ಸಮಾಧಾನದ ರಾಜ್ಯವನ್ನು ಬರೆದ ಬಣ್ಣಗಾರನು

ಎಡ್ವರ್ಡ್ ಹಿಕ್ಸನು 1780ನೇ ಇಸವಿ ಎಪ್ರಿಲ್ 4ರಂದು ಅಮೇರಿಕ ದೇಶದ ಪೆನ್ಸಿಲ್ವೇನಿಯ ಸೀಮೆಯಲ್ಲಿ ಹುಟ್ಟಿದನು. ಒಂದೂವರೆ ವರುಷದ ಕೂಸಾಗಿರುವಾಗಲೇ ಅವನ ತಾಯಿಯು ತೀರಿಹೋದಳು. ಅವನ ಮನೆತನದವರು ಇಂಗ್ಲೆಂಡಿನ ಅರಸನ ಪಕ್ಷವನ್ನು ಹಿಡಿದಿದ್ದದರಿಂದ ಆ ದೇಶದ ಸ್ವಾತಂತ್ರ್ಯಯುದ್ಧದಲ್ಲಿ ಆಸ್ತಿಯನ್ನು ಕಳಕೊಂಡರು. ಆಗ ತಾಯಿಯ ಗೆಳತಿಯಾಗಿದ್ದ ಎಲಿಜಬೆತ್ ಟ್ವೈನಿಂಗಳೆಂಬ ಒಕ್ಕಲಗಿತ್ತಿಯು ಕೂಸನ್ನು ತನ್ನ ಮನೆಯಲ್ಲಿಟ್ಟು ಸಾಕಿದಳು. ಆಕೆಯು ಕ್ವೇಕರ್ ಸಭೆಯವಳು.

ಸ್ನೇಹಿತರ ಸಂಘವೆಂದು ಹೆಸರಾದ ಈ ಕ್ರೈಸ್ತರು ಪಾದ್ರಿಯಿಲ್ಲದೆ ಮೌನವಾಗಿ ಕೂಡಿ ಕುಳಿತುಕೊಳ್ಳುತ್ತಿದ್ದರು. ಆತ್ಮಪ್ರೇರಣೆಯಾದವರು ಎದ್ದು ಮಾತಾಡುವರು. ಅವರು ಯುದ್ಧಕ್ಕೆ ಹೋಗರು. ಉಡುಪಿನಲ್ಲಿಯೂ ಮನೆಯಲ್ಲಿಯೂ ಅಲಂಕಾರವನ್ನು ವ್ಯರ್ಥವೆಂದು ಬಿಡುತ್ತಿದ್ದರು.

ಹಿಕ್ಸನನ್ನು 13ನೇ ವಯಸ್ಸಿನಲ್ಲಿ ಕುದುರೆಬಂಡಿ ಮಾಡುವವರ ಬಳಿಗೆ ಏಳು ವರುಷದ ಮಟ್ಟಿಗೆ ಕೆಲಸಕ್ಕೆ ಸೇರಿಸಿದರು. ಅಲ್ಲಿ ಬಂಡಿಗಳಿಗೂ ಹೆಸರಿನ ಹಲಗೆಗಳಿಗೂ ಬಣ್ಣ ಹಾಕುವದನ್ನು ಕಲಿತನು. 1803ರಲ್ಲಿ ಕ್ವೇಕರ್ ಸಭೆಗೆ ಸೇರಿ, ಅದೇ ವರುಷ ಸಾರಾ ವರ್ಸ್ಟಾಲಳನ್ನು ಮದುವೆಯಾದನು. 1812ರಲ್ಲಿ ಸಭೆಯು ಅವನನ್ನು ಉಪದೇಶಕನೆಂದು ಒಪ್ಪಿಕೊಂಡಿತು. ಈ ಸೇವೆಗೆ ಸಂಬಳವಿರಲಿಲ್ಲ. ಊರೂರು ತಿರುಗುವ ಖರ್ಚೂ ಮನೆಯ ಅನ್ನವೂ ಬಣ್ಣದ ಕೆಲಸದಿಂದಲೇ ಬರಬೇಕಾಗಿತ್ತು.

ಸಂಕಟವು ಇಲ್ಲಿಯೇ ಹುಟ್ಟಿತು. ಅಲಂಕಾರ ಬೇಡವೆಂದು ಸಾರುವ ಸಭೆಯ ಉಪದೇಶಕನು ಬಂಡಿಗಳನ್ನು ಸಿಂಗರಿಸಿ ಹಣ ಗಳಿಸಬಹುದೋ? ಕೆಲವರು ಬೇಸರಪಟ್ಟರು, ಅವನ ಮನಸ್ಸಾಕ್ಷಿಯೂ ಚುಚ್ಚಿತು. ಕಡೆಗೆ ಕುಂಚವನ್ನಿಟ್ಟು ಒಕ್ಕಲುತನಕ್ಕೆ ಇಳಿದನು. ಬಿತ್ತುವದೂ ಹರಗುವದೂ ಕೈಗೆ ಹತ್ತದವನಿಗೆ ಹೊಲವು ಒಲಿಯದೆಂಬದನ್ನು ಅಬ್ಬಿಗೇರಿಯ ಎರೆಹೊಲದಲ್ಲಿ ದುಡಿಯುವವರಿಗೆ ನಾವು ಹೇಳಬೇಕೇ? ಸಾಲವು ಬೆಳೆಯಿತು, ಮನೆಯಲ್ಲಿ ಮಕ್ಕಳಿದ್ದರು. ಅವನು ತಿರಿಗಿ ಕುಂಚವನ್ನು ಹಿಡಿದನು. ಇದನ್ನು ನಾವು ಸೋಲೆಂದು ಎಣಿಸುವದಿಲ್ಲ.

1820ರ ಸುಮಾರಿಗೆ ಅವನು ಪ್ರವಾದಿಯಾದ ಯೆಶಾಯನ ಗ್ರಂಥದ 11ನೇ ಅಧ್ಯಾಯವನ್ನು ಚಿತ್ರವಾಗಿ ಬರೆಯತೊಡಗಿದನು. ತೋಳವು ಕುರಿಯ ಸಂಗಡ, ಚಿರತೆಯು ಆಡಿನ ಮರಿಯ ಸಂಗಡ ಇರುತ್ತವೆ. ಸಿಂಹವು ಎತ್ತಿನ ಹಾಗೆ ಹುಲ್ಲು ಮೇಯುತ್ತದೆ. ಅವುಗಳ ನಡುವೆ ಚಿಕ್ಕ ಮಗುವು ನಿಂತಿದೆ. ಅನೇಕ ಚಿತ್ರಗಳ ಹಿಂಬದಿಯಲ್ಲಿ, ಆ ಸೀಮೆಯನ್ನು ಸ್ಥಾಪಿಸಿದ ಕ್ವೇಕರನಾದ ವಿಲಿಯಂ ಪೆನ್ನನು ಮೂಲನಿವಾಸಿಗಳೊಡನೆ ಸಮಾಧಾನದ ಒಡಂಬಡಿಕೆಯನ್ನು ಮಾಡುತ್ತಾನೆ. ಈ ಒಂದೇ ವಿಷಯವನ್ನು ಅವನು ಬರೆದ 60ಕ್ಕಿಂತ ಹೆಚ್ಚು ಚಿತ್ರಗಳು ತಿಳಿದಿವೆ.

ಆದರೆ 1827ರಲ್ಲಿ ಯುದ್ಧವನ್ನೊಲ್ಲದ ಆ ಸಭೆಯೇ ಎರಡಾಗಿ ಒಡೆಯಿತು. ಒಂದು ಪಕ್ಷದ ಮುಖಂಡನಾದ ಎಲಾಯಸ್ ಹಿಕ್ಸನು ಇವನ ಬಂಧು. ಇವನೂ ಆ ಪಕ್ಷದವನೇ, ಕಠಿಣವಾಗಿ ಮಾತಾಡಿದವನೇ. ಆ ಮೇಲಿನ ಚಿತ್ರಗಳಲ್ಲಿ ಮೃಗಗಳು ನೆಟ್ಟಗಣ್ಣಿನಿಂದ ನೋಡುತ್ತವೆ, ಮೈ ಬಿಗಿಹಿಡಿದಿವೆ. 1837ರಲ್ಲಿ ವರ್ಜೀನಿಯದ ಗೂಸ್ ಕ್ರೀಕ್ ಸಭೆಯಲ್ಲಿ ಮಾಡಿದ ಪ್ರಸಂಗದಲ್ಲಿ ಅವನು ತೋಳ, ಚಿರತೆ, ಕರಡಿ, ಸಿಂಹಗಳು ಮನುಷ್ಯರ ನಾಲ್ಕು ಸ್ವಭಾವಗಳೆಂದು ವಿವರಿಸಿದನು. ಹೊಡೆದಾಡುವ ಮೃಗಗಳು ಹೊರಗಿನವರಲ್ಲ, ಸಭೆಯ ಬೆಂಚಿನ ಮೇಲೆ ಕುಳಿತವರೇ ಎಂಬದು ಆ ಚಿತ್ರಗಳಿಂದಲೂ ತಿಳಿಯುತ್ತದೆ. ಮುಪ್ಪಿನಲ್ಲಿ ಬರೆದವುಗಳಲ್ಲಿ ಸಿಂಹದ ಮುಖಕ್ಕೆ ದಣಿವು ಬಂದಿದೆ.

ಅದೇ ಮುಪ್ಪಿನಲ್ಲಿ ತನ್ನನ್ನು ಸಾಕಿದ ಒಕ್ಕಲಮನೆಯನ್ನೂ ಬರೆದನು. ಅದರಲ್ಲಿ ಎಲಿಜಬೆತ್ ಟ್ವೈನಿಂಗಳು ಸತ್ಯವೇದವನ್ನು ಓದುತ್ತಾ ಕುಳಿತಿದ್ದಾಳೆ. ಆಕೆಯ ಮೊಣಕಾಲಿನ ಬಳಿಯಲ್ಲಿ ನಿಂತ ಪುಟ್ಟ ಹುಡುಗನು ಹಿಕ್ಸನೇ. 1849ನೇ ಇಸವಿ ಆಗಸ್ಟ್ 23ರಂದು ಅವನು ನ್ಯೂಟೌನ್ ಎಂಬ ಊರಲ್ಲಿ ತೀರಿಕೊಂಡನು. ಕೊನೆಯ ದಿನಗಳಲ್ಲಿ ಮಗಳಿಗೋಸ್ಕರ ಬರೆಯುತ್ತಿದ್ದದ್ದೂ ತೋಳವೂ ಕುರಿಯೂ ಕೂಡಿರುವ ಅದೇ ಚಿತ್ರವಾಗಿತ್ತು.